ಮನೆಯ ಹಳೇ ಆಸ್ತಿ ಪತ್ರದಲ್ಲಿ 'ಬಿಳಿಯರಿಗೆ ಮಾತ್ರ' ಅಂತಿದೆ, ಈಗ ಏನು ಮಾಡೋಣ?

ಪ್ರಶ್ನೆ: ನಾವು ಮೈಸೂರಿನವರು. ಹೋದ ವರ್ಷ ಅಮೆರಿಕದ ಮಿನಿಯಾಪೊಲಿಸ್ ನಗರದ ದಕ್ಷಿಣ ಭಾಗದಲ್ಲಿ, ನೊಕೋಮಿಸ್ ಕೆರೆಯ ಹತ್ತಿರ, ಒಂದು ಹಳೇ ಮನೆ ಕೊಂಡೆವು. 1920ರ ದಶಕದಲ್ಲಿ ಕಟ್ಟಿದ್ದು. ಮಾರಿದವರು 'ಅಬ್‌ಸ್ಟ್ರಾಕ್ಟ್' ಅಂತ, ಜಾಗ ಯಾರಿಂದ ಯಾರಿಗೆ ಬಂತು ಅನ್ನುವ ದಾಖಲೆಗಳ ಒಂದು ದಪ್ಪ ಕಾಗದದ ಕಟ್ಟು ಕೊಟ್ಟಿದ್ದರು. ಮೊನ್ನೆ ಬಿಚ್ಚಿ ಓದುತ್ತಿದ್ದೆ. ಈ ಜಾಗವನ್ನು ಬಿಳಿಯರಲ್ಲದವರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಅನ್ನುವ ಅರ್ಥದ ಒಂದು ಸಾಲು ಕಣ್ಣಿಗೆ ಬಿತ್ತು. ಕೈ ತಣ್ಣಗಾಯಿತು. ಇದು ಈಗಲೂ ನಡೆಯುತ್ತಾ? ತೆಗೆಸಬೇಕಾ? ತೆಗೆಸಿದರೆ ಮನೆ ಬೆಲೆಗೆ ಪೆಟ್ಟು ಬೀಳುತ್ತಾ? ಪಕ್ಕದ ಮನೆಯ ಹಿರಿಯರು 'ಅದೆಲ್ಲ ದಕ್ಷಿಣದ ರಾಜ್ಯಗಳಲ್ಲಿ, ಇಲ್ಲಿ ಯಾವತ್ತೂ ಇರಲಿಲ್ಲ' ಅಂದರು. ನಮ್ಮವರ ಆಫೀಸಿನಲ್ಲಿ ಒಬ್ಬರು 'ನಿಮ್ಮದು ರೆಡ್‌ಲೈನ್ ಆದ ಏರಿಯಾ, ರೊಂಡೋ ಥರ' ಅಂದರಂತೆ. ಯಾರ ಮಾತು ನಿಜ? ಈ ಷರತ್ತು ನಮ್ಮಂಥ ಭಾರತೀಯರಿಗೂ ಅನ್ವಯ ಆಗುತ್ತಿತ್ತಾ? ಊರಿಂದ ಬಂದಿರುವ ನಮ್ಮತ್ತೆ 'ಇಂಥ ಮನೇಲಿ ಇರೋದು ಒಳ್ಳೇದಾ' ಅಂತ ದಿನಾ ಕೇಳುತ್ತಿದ್ದಾರೆ. ಅವರಿಗೂ ಏನಾದರೂ ಹೇಳಿ.

ಉತ್ತರ:

ಮೊದಲು ನಿಮ್ಮ ಭಯದ ವಿಷಯ. ಆ ಸಾಲಿಗೆ ಇವತ್ತು ಕವಡೆ ಕಾಸಿನ ಕಿಮ್ಮತ್ತಿಲ್ಲ. ಅದನ್ನು ಹಿಡಿದುಕೊಂಡು ನೆರೆಯವರಾಗಲಿ, ಹಳೇ ಮಾಲೀಕರ ಮೊಮ್ಮಕ್ಕಳಾಗಲಿ, ಬ್ಯಾಂಕಿನವರಾಗಲಿ ನಿಮ್ಮ ಬಾಗಿಲಿಗೆ ಬರುವಂತಿಲ್ಲ. ಮನೆ ಪೂರ್ತಿ ನಿಮ್ಮದೇ.

ಆದರೆ ಅದು ಒಂದೇ ಏಟಿಗೆ ಸತ್ತಿದ್ದಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಶೆಲ್ಲಿ ಮತ್ತು ಕ್ರೇಮರ್ ನಡುವಿನ ಮೊಕದ್ದಮೆಯಲ್ಲಿ, ಇಂಥ ಷರತ್ತನ್ನು ಯಾವ ಕೋರ್ಟೂ ಜಾರಿ ಮಾಡಕೂಡದು ಎಂದಿತು. ಅದು ಸೇಂಟ್ ಲೂಯಿಸ್‌ನ ಒಂದು ಮನೆಯ ಜಗಳ. ಡೆಟ್ರಾಯಿಟ್‌ನ ಇನ್ನೊಂದು ಮನೆಯ ಮೊಕದ್ದಮೆಯೂ ಜೊತೆಗೇ ತೀರ್ಮಾನವಾಯಿತು. ಎರಡೂ ಮಿಡ್‌ವೆಸ್ಟ್, ಅಂದರೆ ನಿಮ್ಮ ಮಿನ್ನೆಸೋಟವೂ ಸೇರಿದ ಭಾಗದ ಊರುಗಳೇ, ಇದನ್ನು ನಿಮ್ಮ ಪಕ್ಕದ ಮನೆಯವರಿಗೆ ಹೇಳಬಹುದು. ಕೋರ್ಟು ಜಾರಿ ಮಾಡಲ್ಲ ಅಂದಿತು, ಸರಿ. ಬರೆಯಬೇಡಿ ಅನ್ನಲಿಲ್ಲ. ಜನ ಬರೆಯುತ್ತಲೇ ಹೋದರು. ಹೊಸದಾಗಿ ಇಂಥ ಷರತ್ತು ಬರೆಯುವುದನ್ನು ಮಿನ್ನೆಸೋಟ ರಾಜ್ಯ ನಿಷೇಧಿಸಿದ್ದು 1953ರಲ್ಲಿ. ಹಳೆಯವು ಎಲ್ಲ ಕಡೆ ಪೂರ್ತಿ ಕಾನೂನುಬಾಹಿರವಾದದ್ದು 1968ರಲ್ಲಿ, ದೇಶಕ್ಕೆಲ್ಲ ಅನ್ವಯಿಸುವ ಫೇರ್ ಹೌಸಿಂಗ್ ಕಾಯ್ದೆ ಬಂದ ಮೇಲೆ. ಅಂದರೆ ನಿಮ್ಮ ಮನೆ ಕಟ್ಟಿ ನಲವತ್ತು ವರ್ಷ ಆಗುವವರೆಗೂ ಆ ಸಾಲು ತನ್ನ ಕೆಲಸ ಮಾಡಿಕೊಂಡೇ ಇತ್ತು.

ನಾನು ಹಳೇ ಆಸ್ತಿ ದಾಖಲೆ ಓದಿ, ಮನೆಗಳ ಹಿಂದಿನ ಕಥೆ ಹುಡುಕಿಕೊಡುವ ಕೆಲಸ ಮಾಡುತ್ತೇನೆ. ನಮ್ಮೂರಿನ ಇಸಿ ತೆಗೆಸುವ ಕೆಲಸದ ಥರವೇ, ಆದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತೇವೆ. ಈ ಸಾಲು ಪತ್ರದಲ್ಲಿ ಎಲ್ಲಿ ಕೂತಿರುತ್ತೆ ಅನ್ನುವುದನ್ನು ಗಮನಿಸಿ. ದೊಡ್ಡದಾಗಿ ಎದ್ದು ಕಾಣುವುದಿಲ್ಲ. ಮನೆ ರಸ್ತೆಯಿಂದ ಇಷ್ಟು ಅಡಿ ಹಿಂದೆ ಇರಬೇಕು. ಇಷ್ಟು ಡಾಲರಿಗಿಂತ ಅಗ್ಗದ ಮನೆ ಕಟ್ಟಕೂಡದು. ಹೆಂಡದ ವ್ಯಾಪಾರ ಮಾಡಕೂಡದು. ಇಂಥ ನಾಲ್ಕು ಸಾಲುಗಳ ಮಧ್ಯೆ, ಅದೇ ತಣ್ಣಗಿನ ದನಿಯಲ್ಲಿ, ಇಂಥ ರಕ್ತದವರಿಗೆ ಮಾರಕೂಡದು ಅನ್ನುವುದೂ ಬಂದು ಹೋಗುತ್ತದೆ. ಕೊಟ್ಟಿಗೆ ಎಲ್ಲಿರಬೇಕು ಅನ್ನುವುದಕ್ಕೂ ಮನುಷ್ಯರು ಎಲ್ಲಿರಬೇಕು ಅನ್ನುವುದಕ್ಕೂ ಒಂದೇ ಗುಮಾಸ್ತ, ಒಂದೇ ಟೈಪ್‌ರೈಟರ್. ನನಗೆ ಈಗಲೂ ಕಸಿವಿಸಿ ಆಗುವುದು ಇದಕ್ಕೇ.

ಇನ್ನೊಂದು ವಿಷಯ. ನಿಮಗೆ ಇದು ಕಣ್ಣಿಗೆ ಬಿದ್ದದ್ದು ಅಬ್‌ಸ್ಟ್ರಾಕ್ಟ್ ಕೈಗೆ ಸಿಕ್ಕಿದ್ದರಿಂದ. ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ. ಈಗಿನ ಟೈಟಲ್ ಕಂಪನಿಗಳು, ಅಂದರೆ ಮಾರಾಟದ ಸಮಯದಲ್ಲಿ ಆಸ್ತಿಯ ಒಡೆತನ ಪರಿಶೀಲಿಸುವವರು, ಹಳೇ ಷರತ್ತುಗಳ ಪಟ್ಟಿ ಕೊಡುವಾಗ, ಜನಾಂಗ, ಬಣ್ಣ, ಧರ್ಮಕ್ಕೆ ಸಂಬಂಧಿಸಿದ್ದನ್ನು ಬಿಟ್ಟಿದ್ದೇವೆ ಅಂತ ಒಂದು ಸಾಲು ಹಾಕಿ ಮುಗಿಸುತ್ತವೆ. ಅದನ್ನು ಯಾರು ಓದುತ್ತಾರೆ? ಹಾಗಾಗಿ ಪಕ್ಕದ ಮನೆಯವರು 'ಇಲ್ಲಿ ಇರಲಿಲ್ಲ' ಅಂದರೆ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ಇತ್ತು ಅನ್ನುವುದಂತೂ ಖಚಿತ. ಮಿನಿಯಾಪೊಲಿಸ್‌ನಲ್ಲಿ ಸಿಕ್ಕಿರುವ ಇಂಥ ಮೊದಲ ಪತ್ರ 1910ರದು, 35ನೇ ಅವೆನ್ಯೂ ಸೌತ್‌ನ ಒಂದು ಜಾಗದ್ದು. ಚೀನೀಯರು, ಜಪಾನೀಯರು, ಮೂರ್‌ಗಳು, ತುರ್ಕರು, ನೀಗ್ರೋಗಳು, ಮಂಗೋಲರು, ಆಫ್ರಿಕಾದ ರಕ್ತದವರು, ಹೀಗೆ ಒಂದು ವಿಚಿತ್ರ ಪಟ್ಟಿ ಅದರಲ್ಲಿದೆ. ಆಗಿನ ಮಿನಿಯಾಪೊಲಿಸ್‌ನಲ್ಲಿ ತುರ್ಕರು ಎಷ್ಟು ಜನ ಇದ್ದರೋ ದೇವರಿಗೇ ಗೊತ್ತು! ಪಟ್ಟಿ ಬರೆದವನಿಗೆ ತಾನು ಯಾರನ್ನು ತಡೆಯುತ್ತಿದ್ದೇನೆ ಅನ್ನುವುದಕ್ಕಿಂತ ಯಾರೂ ತಪ್ಪಿಸಿಕೊಳ್ಳಬಾರದು ಅನ್ನುವುದೇ ಮುಖ್ಯವಾಗಿತ್ತು ಅನಿಸುತ್ತೆ. ಎಡ್ಮಂಡ್ ವಾಲ್ಟನ್ ಎಂಬ ಬಡಾವಣೆ ವ್ಯಾಪಾರಿ ಈ ಊರಿನಲ್ಲಿ ಇದನ್ನು ಶುರು ಮಾಡಿದವರಲ್ಲಿ ಪ್ರಮುಖ. ಆಮೇಲೆ ಬೇರೆ ಕಂಪನಿಗಳೂ ಅದೇ ಮಾತನ್ನು ನಕಲು ಹೊಡೆದು ಪತ್ರದ ಮೇಲೆ ಪತ್ರ ಬರೆದವು. ಪಕ್ಕದ ಈಡೈನಾ ಊರಿನ ಕಂಟ್ರಿ ಕ್ಲಬ್ ಬಡಾವಣೆ 1920ರ ದಶಕದಲ್ಲಿ ಎದ್ದದ್ದೂ ಇಂಥ ಷರತ್ತಿನ ಮೇಲೆಯೇ.

ಎಷ್ಟು ಪತ್ರ ಇದ್ದವು ಅನ್ನುವುದು ಬಹಳ ಕಾಲ ಬರೀ ಬಾಯಿ ಮಾತಾಗಿತ್ತು. 2016ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 'ಮ್ಯಾಪಿಂಗ್ ಪ್ರೆಜುಡಿಸ್' ಎಂಬ ಯೋಜನೆ ಶುರುವಾಯಿತು. ಲಕ್ಷಗಟ್ಟಲೆ ಹಳೇ ಪತ್ರಗಳನ್ನು ಮೊದಲು ಕಂಪ್ಯೂಟರ್ ಓದಿ, ಅನುಮಾನದ ಪದ ಸಿಕ್ಕಿದ್ದನ್ನು ಬೇರೆ ಮಾಡುತ್ತದೆ. ಆಮೇಲೆ ಸ್ವಯಂಸೇವಕರು ಒಂದೊಂದೇ ಪುಟ ಓದುತ್ತಾರೆ. ಒಂದೇ ಪುಟವನ್ನು ಬೇರೆ ಬೇರೆಯವರು ಓದಿ, ಉತ್ತರ ತಾಳೆ ಆದರೆ ಮಾತ್ರ ನಕ್ಷೆಗೆ ಹೋಗುತ್ತದೆ. ಮಿನಿಯಾಪೊಲಿಸ್ ಒಂದರಲ್ಲೇ ಸುಮಾರು 8,000 ಸಿಕ್ಕಿವೆ. ಸುತ್ತಲಿನ ಊರುಗಳೂ ಸೇರಿದ ಹೆನೆಪಿನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಥರ) ಅದರ ಎರಡು ಪಟ್ಟಿಗಿಂತ ಜಾಸ್ತಿ. ನಕ್ಷೆ ಯಾರು ಬೇಕಾದರೂ ನೋಡಬಹುದು. ನೋಡಿದರೆ ಒಂದು ವಿಷಯ ತಕ್ಷಣ ಹೊಳೆಯುತ್ತದೆ: ಕೆರೆ, ತೊರೆ, ಪಾರ್ಕು ಎಲ್ಲಿವೆಯೋ ಅಲ್ಲೆಲ್ಲ ಚುಕ್ಕೆಗಳು ದಟ್ಟ.

ನಿಮ್ಮ ನೊಕೋಮಿಸ್ ಕೆರೆಯನ್ನೇ ತಗೊಳ್ಳಿ. ಮೊದಲು ಅದರ ಹೆಸರು ಅಮೇಲಿಯಾ ಕೆರೆ. ಸುತ್ತ ಜೌಗು. ನಗರದ ಪಾರ್ಕ್ ಬೋರ್ಡು ಅದನ್ನು ಕೊಂಡು, 1910ರಲ್ಲಿ ಹೆಸರು ಬದಲಿಸಿತು. ಆ ದಶಕದಲ್ಲೇ ಕೆರೆಯ ಹೂಳೆತ್ತಿ, ಆ ಮಣ್ಣನ್ನೇ ದಂಡೆಗೆ ಹಾಕಿ ಪಾರ್ಕು ಮಾಡಿತು. ಜೌಗು ಹೋದ ಮೇಲೆ ಸುತ್ತಲಿನ ಜಮೀನಿಗೆ ಬೆಲೆ ಬಂತು, ಬಡಾವಣೆಯವರೂ ಬಂದರು. ಸರ್ಕಾರದ ದುಡ್ಡಿನಲ್ಲಿ ಆದ ಕೆರೆ, ಅದರ ದಂಡೆಯ ಸೈಟು ಮಾತ್ರ ಕೆಲವರಿಗೆ. ಷರತ್ತು ಹಾಕಿದವರು ಅದನ್ನು ದ್ವೇಷ ಅಂತ ಹೇಳಿಕೊಳ್ಳಲಿಲ್ಲ. 'ನಿಮ್ಮ ಆಸ್ತಿಯ ಬೆಲೆಗೆ ರಕ್ಷಣೆ' ಅಂತ ಮಾರಿದರು. ನನ್ನ ಅಭಿಪ್ರಾಯದಲ್ಲಿ ಇದು ದ್ವೇಷದಷ್ಟೇ ವ್ಯಾಪಾರದ ಕಥೆ. ವ್ಯಾಪಾರವಾದ್ದರಿಂದಲೇ ಇಷ್ಟು ಅಚ್ಚುಕಟ್ಟಾಗಿ, ಇಷ್ಟು ಸಾವಿರ ಪತ್ರಗಳಿಗೆ ಹಬ್ಬಿತು.

ಈಗ ಆಫೀಸಿನವರ ಮಾತು. ಇಲ್ಲಿ ಮೂರು ಬೇರೆ ಬೇರೆ ವಿಷಯಗಳು ಕಲಸಿ ಹೋಗಿವೆ. ನಿಮಗೊಬ್ಬರಿಗಲ್ಲ, ಬಹಳ ಜನರಿಗೆ ಹೀಗಾಗುತ್ತದೆ.

ಕ್ರಯಪತ್ರದ ಷರತ್ತು ಖಾಸಗಿ ಜನ ತಮ್ಮ ತಮ್ಮಲ್ಲೇ ಮಾಡಿಕೊಂಡ ಕರಾರು. ರೆಡ್‌ಲೈನಿಂಗ್ ಅನ್ನುವುದು ಸಾಲದ ವಿಷಯ. 1933ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆಯೊಂದು ಊರೂರಿನ ನಕ್ಷೆ ಮಾಡಿ, ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿತು. ಕೆಂಪು ಅಂದರೆ ಅಲ್ಲಿ ಸಾಲ ಕೊಡುವುದು ಅಪಾಯ. ಕಪ್ಪು ಜನ ಇದ್ದ ಕಡೆ ಬಹುಪಾಲು ಕೆಂಪೇ. ನಿಮ್ಮ ಮನೆಯಲ್ಲಿ ಷರತ್ತು ಇದೆ ಅಂದರೆ ಅದು ಕೆಂಪು ಏರಿಯಾ ಆಗಿರುವ ಸಾಧ್ಯತೆ ಕಡಿಮೆ. ಷರತ್ತಿನ ಬಡಾವಣೆಗಳಿಗೆ ಒಳ್ಳೆಯ ದರ್ಜೆ ಸಿಗುತ್ತಿತ್ತು. 1934ರಲ್ಲಿ ಬಂದ ಎಫ್ಎಚ್ಎ, ಅಂದರೆ ಗೃಹಸಾಲಕ್ಕೆ ವಿಮೆ ಕೊಡುವ ಸರ್ಕಾರಿ ಇಲಾಖೆ, ಇಂಥ ಷರತ್ತು ಇದ್ದರೆ ಒಳ್ಳೆಯದು ಅಂತ ತನ್ನ ಕೈಪಿಡಿಯಲ್ಲೇ ಬರೆದುಕೊಂಡಿತ್ತು. ಬಣ್ಣದ ನಕ್ಷೆ ನೋಡೋಕೆ ಚೆನ್ನಾಗಿರುವುದರಿಂದ ಎಲ್ಲರೂ ಅದನ್ನೇ ಹಂಚಿಕೊಳ್ಳುತ್ತಾರೆ. ಜಾಸ್ತಿ ಹಾನಿ ಮಾಡಿದ್ದು ಈ ಬಣ್ಣವಿಲ್ಲದ ಕೈಪಿಡಿ. ಆದ್ದರಿಂದ ನಿಮ್ಮ ಮನೆ ಆ ವ್ಯವಸ್ಥೆಯಲ್ಲಿ ಪೆಟ್ಟು ತಿಂದ ಕಡೆಯದಲ್ಲ, ಲಾಭ ಪಡೆದ ಕಡೆಯದು. ಆಫೀಸಿನವರು ಹೇಳಿದ್ದು ಉಲ್ಟಾ.

ರೊಂಡೋ ಮೂರನೇ ಕಥೆ. ಅದು ಮಿನಿಯಾಪೊಲಿಸ್ ಅಲ್ಲವೇ ಅಲ್ಲ, ನದಿಯಾಚೆಯ ಸೇಂಟ್ ಪಾಲ್. ರೊಂಡೋ ಅವೆನ್ಯೂ ಸುತ್ತ ಆಫ್ರಿಕನ್ ಅಮೆರಿಕನ್ನರ ಗಟ್ಟಿ ಬಡಾವಣೆ ಇತ್ತು. ಚರ್ಚು, ಅಂಗಡಿ, ಕ್ಲಬ್ಬು, ಸ್ವಂತ ಮನೆಗಳು. 1956ರಿಂದ 1968ರ ನಡುವೆ ಐ-94 ಹೆದ್ದಾರಿ ಅದರ ನಡುಮಧ್ಯೆ ಹಾದುಹೋಯಿತು. 600ಕ್ಕೂ ಹೆಚ್ಚು ಮನೆಗಳು, ನೂರಾರು ಅಂಗಡಿ-ವ್ಯಾಪಾರ ಹೋದವು. ಬೇರೆ ದಾರಿಯೇ ಇರಲಿಲ್ಲವಾ? ಇತ್ತು. ಸೇಂಟ್ ಪಾಲ್ ನಗರ ಯೋಜನೆಯ ಎಂಜಿನಿಯರ್ ಜಾರ್ಜ್ ಹೆರಲ್ಡ್, ಸ್ವಲ್ಪ ಉತ್ತರಕ್ಕೆ ರೈಲು ಹಳಿಗಳ ಪಕ್ಕದಲ್ಲಿ ರಸ್ತೆ ತಗೊಂಡು ಹೋಗಿ ಅಂತ ವರ್ಷಗಟ್ಟಲೆ ವಾದಿಸಿದರು. ಯಾರೂ ಕೇಳಲಿಲ್ಲ. ಜಾರ್ಜ್ ಡೇವಿಸ್ ಎಂಬ ವಯಸ್ಸಾದ ಪಾದ್ರಿ ಮನೆ ಬಿಡಲ್ಲ ಅಂತ ಕೂತಾಗ, 1956ರಲ್ಲಿ ಪೊಲೀಸರು ಬಂದು ಖಾಲಿ ಮಾಡಿಸಿದರು. 2015ರಲ್ಲಿ ಸೇಂಟ್ ಪಾಲ್ ಮೇಯರ್ ಮತ್ತು ರಾಜ್ಯ ಸಾರಿಗೆ ಇಲಾಖೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಈಗ ಹೆದ್ದಾರಿಯ ಮೇಲೆ ನೆಲದ ಸೇತುವೆ ಕಟ್ಟಿ ಎರಡೂ ಕಡೆ ಜೋಡಿಸಬೇಕು ಅನ್ನುವ ಒತ್ತಾಯ ಇದೆ. ಅಲ್ಲಿ ಬೇಸಿಗೆಯಲ್ಲಿ ನಡೆಯುವ ರೊಂಡೋ ಡೇಸ್ ಹಬ್ಬ 1983ರಲ್ಲಿ ಶುರುವಾದದ್ದು. ಒಮ್ಮೆ ಹೋಗಿಬನ್ನಿ. ಅಲ್ಲಿ ಬೆಳೆದವರು ಯಾವ ಅಂಗಡಿ ಎಲ್ಲಿತ್ತು ಅಂತ ಹೆದ್ದಾರಿಯ ಗಾಳಿಯ ಕಡೆ ಕೈ ತೋರಿಸಿ ಹೇಳುತ್ತಾರೆ.

ನಿಮ್ಮ ಊರಿನ ಕಥೆ ತಿಳಿಯಬೇಕಾದರೆ ರೊಂಡೋ ತನಕ ಹೋಗಬೇಕಾಗಿಲ್ಲ. ನಿಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ ಸಾಕು.

4600 ಕೊಲಂಬಸ್ ಅವೆನ್ಯೂ ಸೌತ್. ಸಣ್ಣ, ಸಾಧಾರಣ ಮನೆ. 1931ರಲ್ಲಿ ಆರ್ಥರ್ ಲೀ ಮತ್ತು ಈಡಿತ್ ಲೀ ಅದನ್ನು ಕೊಂಡರು. ಆರ್ಥರ್ ಅಂಚೆ ಇಲಾಖೆಯ ನೌಕರ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿಬಂದ ಸೈನಿಕ. ಕಪ್ಪು ಜನಾಂಗದವರು. ಕೊಟ್ಟ ಬೆಲೆಗಿಂತ ಜಾಸ್ತಿ ಕೊಡುತ್ತೇವೆ, ಬಿಟ್ಟುಹೋಗಿ ಅಂತ ನೆರೆಯವರು ಮೊದಲು ಹೇಳಿದರು. ಲೀ ಒಪ್ಪಲಿಲ್ಲ. ಜುಲೈ ತಿಂಗಳಲ್ಲಿ ರಾತ್ರಿ ರಾತ್ರಿ ಮನೆ ಮುಂದೆ ಸಾವಿರಾರು ಜನ ಸೇರತೊಡಗಿದರು. ಕಲ್ಲು ತೂರಿದರು. ಲೀ ಅವರ ಪರ ನಿಂತ ವಕೀಲೆ ಲೀನಾ ಆಲಿವ್ ಸ್ಮಿತ್. ಮಿನ್ನೆಸೋಟದ ಮೊದಲ ಕಪ್ಪು ವಕೀಲೆ, 1921ರಲ್ಲಿ ಸನ್ನದು ಪಡೆದವರು. ಅದಕ್ಕೂ ಮುಂಚೆ ಅವರು ಮನೆ-ಜಾಗ ಮಾರಿಸುವ ಕೆಲಸದಲ್ಲಿದ್ದರು. ಈ ಊರಿನಲ್ಲಿ ಯಾರಿಗೆ ಯಾವ ಬೀದಿಯಲ್ಲಿ ಬಾಗಿಲು ಮುಚ್ಚುತ್ತೆ ಅಂತ ಕಣ್ಣಾರೆ ಕಂಡಿದ್ದವರು. ಮಾರಬೇಡಿ, ಅಲ್ಲೇ ಇರಿ ಅಂದರು. ಲೀ ಕುಟುಂಬ ಸ್ವಲ್ಪ ಕಾಲ ಪಟ್ಟು ಹಿಡಿದು ಇದ್ದು, ಕೊನೆಗೆ ಬಿಟ್ಟು ಹೋಯಿತು. 2014ರಲ್ಲಿ ಆ ಮನೆ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಹೋಗಿ ನೋಡಿ, ಹೊರಗಿನಿಂದ ಮಾತ್ರ. ಸುತ್ತ ಇರುವವು ಜನ ವಾಸ ಮಾಡುವ ಮನೆಗಳು.

ಇಂಥ ಬೀದಿಗಳಿಂದ ಹೊರಗಾದವರು ಎಲ್ಲಿಗೆ ಹೋದರು? ಬಹಳ ಜನ ಉತ್ತರ ಭಾಗದ ನಿಯರ್ ನಾರ್ತ್‌ಗೆ. ಅಲ್ಲಿ ಅವರ ಜೊತೆ ಯಹೂದಿಗಳೂ ಇದ್ದರು, ಅವರಿಗೂ ಎಷ್ಟೋ ಕಡೆ ಬಾಗಿಲು ಮುಚ್ಚಿತ್ತು. ಇನ್ನು ಕೆಲವರು ದಕ್ಷಿಣದ 38ನೇ ಬೀದಿ ಮತ್ತು 4ನೇ ಅವೆನ್ಯೂ ಸುತ್ತ ನೆಲೆಸಿದರು. ನಿಮ್ಮ ಮನೆಯಿಂದ ಇದೂ ದೂರ ಅಲ್ಲ. 1934ರಲ್ಲಿ ಸೆಸಿಲ್ ನ್ಯೂಮನ್ ಶುರು ಮಾಡಿದ ಪತ್ರಿಕೆ, ಈಗಿನ ಮಿನ್ನೆಸೋಟ ಸ್ಪೋಕ್ಸ್‌ಮನ್-ರೆಕಾರ್ಡರ್, ಆ ಮೂಲೆಯಲ್ಲೇ 1958ರಿಂದ ಆಫೀಸು ಮಾಡಿಕೊಂಡಿತ್ತು. ಹಾಡುಗಾರ ಪ್ರಿನ್ಸ್ ಓದಿದ ಬ್ರಯಂಟ್ ಜೂನಿಯರ್ ಹೈಸ್ಕೂಲಿನ ಕಟ್ಟಡವೇ ಈಗ ಸಬತಾನಿ ಸಮುದಾಯ ಕೇಂದ್ರ. 1950ರ ದಶಕದ ಮಧ್ಯದಲ್ಲಿ ಎಡ್ವರ್ಡ್ ಟಿಲ್ಸನ್ ಎಂಬ ಬಿಲ್ಡರ್, ಯಾವ ಜನಾಂಗದವರು ಬೇಕಾದರೂ ಕೊಳ್ಳಬಹುದು ಅಂತ ಅಲ್ಲಿ ಹೊಸ ಮನೆಗಳ ಸಾಲು ಕಟ್ಟಿದರು. ಆಮೇಲೆ 1960ರ ದಶಕದಲ್ಲಿ ಐ-35ಡಬ್ಲ್ಯೂ ಹೆದ್ದಾರಿ ಆ ಪ್ರದೇಶದ ಪಕ್ಕಕ್ಕೇ ಬಂದು, ಅಲ್ಲಿಯೂ ಮನೆಗಳು ಹೋದವು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ಮೂಲೆ ಇದೇ 38ನೇ ಬೀದಿಯಲ್ಲಿದೆ, ಸ್ವಲ್ಪ ಪೂರ್ವಕ್ಕೆ. ನಕ್ಷೆಯಲ್ಲಿ ಷರತ್ತಿನ ಚುಕ್ಕೆಗಳು ಎಲ್ಲಿ ವಿರಳ ಅಂತ ನೋಡುತ್ತಾ ಹೋದರೆ ಇವೆಲ್ಲ ಒಂದಾದ ಮೇಲೊಂದು ಸಿಗುತ್ತವೆ.

1910ಕ್ಕೆ ಮುಂಚೆ ಈ ಊರು ಹೀಗೆ ಹಂಚಿಹೋಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಕಪ್ಪು ಜನ ಕಡಿಮೆ ಇದ್ದರು. 1940ರಲ್ಲೂ ನೂರಕ್ಕೆ ಒಬ್ಬರೂ ಇರಲಿಲ್ಲ. ಆದರೆ ಶತಮಾನದ ಆರಂಭದಲ್ಲಿ ಅವರು ಊರಿನ ಬೇರೆ ಬೇರೆ ಕಡೆ ಚದುರಿ ಬದುಕುತ್ತಿದ್ದರು. 'ಅವರವರು ಅವರವರ ಜೊತೆ ಇರೋಕೆ ಇಷ್ಟಪಡ್ತಾರೆ, ತಾನಾಗೇ ಹೀಗಾಯ್ತು' ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ನಾನು ಅತಿ ಹೆಚ್ಚು ಕೇಳುವ ತಪ್ಪು ಮಾತು ಇದೇ. ನಮ್ಮ ಕನ್ನಡದವರ ಬಾಯಲ್ಲೂ ಕೇಳಿದ್ದೇನೆ.

ಭಾರತೀಯರ ವಿಷಯಕ್ಕೆ ಬರೋಣ. ನಿಮ್ಮ ಪತ್ರದ ಮಾತು ಯಾವುದು ಅನ್ನುವುದರ ಮೇಲೆ ಉತ್ತರ ನಿಂತಿದೆ. 1910ರ ಥರದ ಪಟ್ಟಿ ಆದರೆ ಭಾರತೀಯರ ಹೆಸರೇ ಅದರಲ್ಲಿಲ್ಲ. 'ಬಿಳಿಯರಲ್ಲದವರು' ಅಥವಾ 'ಕಕೇಸಿಯನ್ ಅಲ್ಲದವರು' ಅಂತ ಇದ್ದರೆ ಪೇಚು ಶುರು. ಆಗ ಹೊರಗಿನಿಂದ ಬಂದವರಿಗೆ ಅಮೆರಿಕದ ಪೌರತ್ವ ಬೇಕಾದರೆ ಬಿಳಿಯರಾಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕಿತ್ತು. ಪಂಜಾಬಿನ ಭಗತ್ ಸಿಂಗ್ ಥಿಂಡ್, ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದ್ದವರು, ನಾನು ಮೇಲ್ಜಾತಿಯವನು, ಆರ್ಯ ರಕ್ತದವನು, ಆದ್ದರಿಂದ ಕಕೇಸಿಯನ್, ಆದ್ದರಿಂದ ಬಿಳಿಯ ಅಂತ ವಾದಿಸಿದರು. 1923ರಲ್ಲಿ ಸುಪ್ರೀಂ ಕೋರ್ಟು ಆ ಶಾಸ್ತ್ರವೆಲ್ಲ ಇರಲಿ, ಸಾಮಾನ್ಯ ಜನ ಬಿಳಿಯ ಅಂದರೆ ಏನು ಅಂದುಕೊಳ್ಳುತ್ತಾರೋ ಅದೇ ಅರ್ಥ, ನೀವು ಅದರಲ್ಲಿ ಬರಲ್ಲ ಎಂದಿತು. ಆಗಲೇ ಪೌರತ್ವ ಸಿಕ್ಕಿದ್ದ ಹಲವು ಭಾರತೀಯರು ಅದನ್ನೂ ಕಳೆದುಕೊಂಡರು. ಜಾತಿಯ ಕೀಲಿ ಹಾಕಿ ಜನಾಂಗದ ಬಾಗಿಲು ತೆಗೆಯೋಕೆ ಹೋಗಿ, ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿತು. ನಮ್ಮವರು ಈ ಮೊಕದ್ದಮೆ ಬಗ್ಗೆ ಮಾತಾಡುವಾಗ ಆ ಮೊದಲ ಅರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: 'ಬಿಳಿಯರಿಗೆ ಮಾತ್ರ' ಅಂತ ಬರೆದ ಪತ್ರ ಆ ಕಾಲದಲ್ಲಿ ನಿಮ್ಮನ್ನೂ ಹೊರಗೇ ಇಡುತ್ತಿತ್ತು ಅಂತ ಧೈರ್ಯವಾಗಿ ಹೇಳಬಹುದು. ಎಷ್ಟೋ ಇಂಥ ಷರತ್ತುಗಳಲ್ಲಿ ಮನೆಗೆಲಸದವರಿಗೆ ಮಾತ್ರ ವಿನಾಯಿತಿ ಇರುತ್ತಿತ್ತು. ಅಡುಗೆ ಮಾಡೋಕೆ ಒಳಗೆ ಬರಬಹುದು, ಮನೆ ಕೊಳ್ಳೋಕೆ ಬರುವಂತಿಲ್ಲ. ಆದರೆ ನಿಜ ಜೀವನದಲ್ಲಿ ನಮ್ಮವರು ಈ ಗೋಡೆಗೆ ಡಿಕ್ಕಿ ಹೊಡೆದದ್ದು ಕಡಿಮೆ. 1965ರ ವಲಸೆ ಕಾಯ್ದೆ ಬಂದ ಮೇಲೆ ತಾನೆ ಕನ್ನಡದವರು ಎಂಜಿನಿಯರು, ಡಾಕ್ಟರು ಅಂತ ಮಿಡ್‌ವೆಸ್ಟಿಗೆ ಹೆಚ್ಚಾಗಿ ಬಂದಿದ್ದು? ಅಷ್ಟು ಹೊತ್ತಿಗೆ ಲೀನಾ ಸ್ಮಿತ್ ಅಂಥವರು ನಲವತ್ತು ವರ್ಷ ಹೋರಾಡಿ ಮುಗಿಸಿದ್ದರು.

ಅತ್ತೆಯವರಿಗೆ ಇದನ್ನೇ ಹೇಳಿ. ನೀವು ಆ ಮನೆಯಲ್ಲಿ ಒಲೆ ಹಚ್ಚಿ ಹಾಲು ಉಕ್ಕಿಸಿದ ದಿನವೇ ಆ ಸಾಲು ಬರೆದವನ ಆಸೆ ಕೆಟ್ಟುಹೋಯಿತು. ಇದಕ್ಕಿಂತ ಒಳ್ಳೆಯ ಶಾಂತಿ ನನಗೆ ಗೊತ್ತಿಲ್ಲ. ಅವರಿಗೆ ಇನ್ನೂ ಸಮಾಧಾನ ಆಗದಿದ್ದರೆ ಒಂದು ಸತ್ಯನಾರಾಯಣ ಪೂಜೆ ಮಾಡಿಸಿ. ಪಕ್ಕದ ಮನೆಯವರನ್ನೂ ಪ್ರಸಾದಕ್ಕೆ ಕರೆಯಿರಿ.

ಇನ್ನು, ಏನು ಮಾಡಬಹುದು. ಏನೂ ಮಾಡದೆ ಇರಬಹುದು. ಕಾನೂನಿನ ತೊಂದರೆ ಏನೂ ಇಲ್ಲ. ಬಹಳ ಜನ ಹಾಗೇ ಇದ್ದಾರೆ, ಅದು ತಪ್ಪೂ ಅಲ್ಲ.

ತೆಗೆಸಬೇಕು ಅನಿಸಿದರೆ ಅದಕ್ಕೂ ದಾರಿ ಇದೆ. 2019ರಲ್ಲಿ ಮಿನ್ನೆಸೋಟ ರಾಜ್ಯ ಕಾನೂನು ಮಾಡಿ, ಮನೆ ಮಾಲೀಕರು ಒಂದು ಸರಳ ಅರ್ಜಿಯ ಮೂಲಕ ಈ ಷರತ್ತನ್ನು ರದ್ದು ಅಂತ ದಾಖಲಿಸಲು ಅವಕಾಶ ಕೊಟ್ಟಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಹಳೇ ಪತ್ರದಿಂದ ಆ ಸಾಲನ್ನು ಅಳಿಸುವುದಿಲ್ಲ. ಅದರ ಜೊತೆಗೆ, ಈ ಷರತ್ತು ನನಗೆ ಬೇಡ, ಇದು ರದ್ದು ಅಂತ ನಿಮ್ಮ ಹೆಸರಿನ ಹೊಸ ದಾಖಲೆ ಸೇರುತ್ತದೆ. ಹಳೇದು ಹಾಗೇ ಇರುತ್ತದೆ, ಮುಂದೆ ಹುಡುಕುವವರಿಗೆ ಎರಡೂ ಸಿಗುತ್ತವೆ. ನನಗೆ ಇದೇ ಸರಿ ಅನಿಸುತ್ತೆ. ಅಳಿಸಿದರೆ ಲಾಭ ಆಗುವುದು ಬರೆದವರಿಗೇ ಅಲ್ವಾ? ಸಾಕ್ಷಿಯೇ ಇರಲ್ಲ.

ಖರ್ಚು ದೊಡ್ಡದಲ್ಲ. 'ಜಸ್ಟ್ ಡೀಡ್ಸ್' ಅಂತ ಒಂದು ಒಕ್ಕೂಟ ಇದೆ. ಮಿನಿಯಾಪೊಲಿಸ್ ಸೇರಿದಂತೆ ಹಲವು ನಗರಸಭೆಗಳು ಅದರಲ್ಲಿವೆ. ಸ್ವಯಂಸೇವಕ ವಕೀಲರು ಉಚಿತವಾಗಿ ಅರ್ಜಿ ಸಿದ್ಧ ಮಾಡಿಕೊಡುತ್ತಾರೆ. ಯಾರಾದರೂ ಫೋನ್ ಮಾಡಿ, ನಿಮ್ಮ ಟೈಟಲ್‌ನಲ್ಲಿ ತೊಂದರೆ ಇದೆ, ಇಷ್ಟು ನೂರು ಡಾಲರ್ ಕೊಡಿ ಸರಿ ಮಾಡ್ತೀವಿ ಅಂದರೆ ಫೋನ್ ಇಡಿ.

ಎಡವುವ ಜಾಗಗಳು ಎರಡು-ಮೂರಿವೆ. ಆಸ್ತಿಯ ಕಾನೂನು ವಿವರ, ಅಂದರೆ ಲಾಟ್, ಬ್ಲಾಕ್, ಬಡಾವಣೆಯ ಹೆಸರು, ಅರ್ಜಿಯಲ್ಲಿ ಒಂದಕ್ಷರ ತಪ್ಪಾದರೂ ವಾಪಸ್ ಬರುತ್ತದೆ, ಇಲ್ಲವೇ ಬೇರೆಯವರ ಜಾಗಕ್ಕೆ ಹೋಗಿ ಕೂರುತ್ತದೆ. ಬೀದಿ ವಿಳಾಸ ಬರೆದರೆ ಸಾಲದು. ಎರಡನೆಯದು, ರದ್ದಾಗುವುದು ಜನಾಂಗದ ಷರತ್ತು ಮಾತ್ರ. ಅದೇ ಪತ್ರದಲ್ಲಿ ಮನೆ ರಸ್ತೆಯಿಂದ ಇಷ್ಟು ಹಿಂದೆ ಇರಬೇಕು ಅಂತ ಇದ್ದರೆ ಅದೂ ಹೋಯಿತು ಅಂದುಕೊಂಡು ವರಾಂಡ ಮುಂದಕ್ಕೆ ಕಟ್ಟೋಕೆ ಹೋಗಬೇಡಿ, ಮೊದಲು ವಕೀಲರನ್ನು ಕೇಳಿ. ಮನೆ ಮಾರಾಟದ ಅಥವಾ ಸಾಲ ಬದಲಿಸುವ ಮಧ್ಯದಲ್ಲಿದ್ದರೆ ಅದು ಮುಗಿಯುವ ತನಕ ಕಾಯಿರಿ. ಸುಮ್ನೆ ಇನ್ನೊಂದು ಕಾಗದ ನಡುವೆ ಬಂದರೆ ಟೈಟಲ್ ಕಂಪನಿಯವರು ಹತ್ತು ಪ್ರಶ್ನೆ ಕೇಳುತ್ತಾರೆ.

ಬೆಲೆಗೆ ಪೆಟ್ಟು ಬೀಳುತ್ತಾ? ರದ್ದು ಮಾಡಿದ್ದರಿಂದ ಬೆಲೆ ಬಿದ್ದ ಮನೆ ನಾನು ಕಂಡಿಲ್ಲ. ಬಿದ್ದೀತು ಅನ್ನೋಕೆ ಕಾರಣವೂ ಇಲ್ಲ. ಬೆಲೆಯ ನಿಜವಾದ ಕಥೆ ಬೇರೆ. ಈ ನಕ್ಷೆಯನ್ನೇ ಹಿಡಿದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಷರತ್ತು ಇದ್ದ ಮನೆಗಳ ಬೆಲೆ ಇವತ್ತಿಗೂ, ಅದೇ ಥರದ ಷರತ್ತಿಲ್ಲದ ಮನೆಗಳಿಗಿಂತ ಶೇಕಡ 3ರ ಆಸುಪಾಸು ಜಾಸ್ತಿ. ಸತ್ತ ಸಾಲು ಇನ್ನೂ ಬಡ್ಡಿ ದುಡಿಯುತ್ತಿದೆ. ಆ ಹೆಚ್ಚಿನ ಬೆಲೆಯನ್ನು ನೀವು ಕೊಳ್ಳುವಾಗ ಕೊಟ್ಟಿದ್ದೀರಿ, ಮಾರುವಾಗ ಪಡೆಯುತ್ತೀರಿ. ಲೀ ದಂಪತಿಯ ಥರದ ಕುಟುಂಬಗಳಿಗೆ ತಪ್ಪಿದ್ದು ಒಂದು ಮನೆ ಮಾತ್ರ ಅಲ್ಲ, ಮೊಮ್ಮಕ್ಕಳ ಕಾಲೇಜು ಫೀಸೂ ಹೌದು. ಈ ಲೆಕ್ಕ ಕೇಳಿ ಕೆಲವರು, ಕಪ್ಪು ಕುಟುಂಬಗಳು ಮೊದಲ ಮನೆ ಕೊಳ್ಳಲು ನೆರವಾಗುವ ನಿಧಿಗಳಿಗೆ ದುಡ್ಡು ಕೊಡುತ್ತಾರೆ. ಕೊಡಲೇಬೇಕು ಅಂತ ನಾನು ಹೇಳಲ್ಲ.

ಮೂರನೇ ದಾರಿ ನನಗೆ ಹೆಚ್ಚು ಇಷ್ಟ: ಮನೆಯ ಕಥೆ ಹುಡುಕಿ. ಹೆನೆಪಿನ್ ಕೌಂಟಿ ಲೈಬ್ರರಿಯ ವಿಶೇಷ ಸಂಗ್ರಹದಲ್ಲಿ ಯಾವ ವಿಳಾಸದಲ್ಲಿ ಯಾರಿದ್ದರು ಅಂತ ತಿಳಿಸುವ ಹಳೇ ಸಿಟಿ ಡೈರೆಕ್ಟರಿಗಳಿವೆ. ನಗರಸಭೆಯ ಬಿಲ್ಡಿಂಗ್ ಪರ್ಮಿಟ್ ಕಾರ್ಡಿನಲ್ಲಿ ಮನೆ ಕಟ್ಟಿದ ವರ್ಷ, ಕಟ್ಟಿದವರ ಹೆಸರು, ಖರ್ಚು ಸಿಗುತ್ತೆ. 1950ರ ಜನಗಣತಿಯ ಹಾಳೆಗಳು 2022ರಲ್ಲಿ ಬಿಡುಗಡೆ ಆಗಿವೆ. ನಿಮ್ಮ ಬೀದಿ ಹುಡುಕಿದರೆ ಆಗ ಅಲ್ಲಿ ಯಾರಿದ್ದರು, ಏನು ಕೆಲಸ ಮಾಡುತ್ತಿದ್ದರು ಅಂತ ಒಂದೊಂದು ಮನೆಯಾಗಿ ಸಿಗುತ್ತದೆ. ಬಹುಪಾಲು ಸ್ವೀಡನ್, ನಾರ್ವೆ ಹೆಸರುಗಳು ಬರುತ್ತವೆ. ಮಿಲ್ಲು, ರೈಲ್ವೆ, ಆಫೀಸು ಕೆಲಸದವರು. ಅವರೂ ಎಲ್ಲಿಂದಲೋ ಬಂದವರೇ. ಅಬ್‌ಸ್ಟ್ರಾಕ್ಟಿನ ಮೊದಲ ಪುಟವನ್ನೂ ತಪ್ಪದೆ ಓದಿ. ಸಾಮಾನ್ಯವಾಗಿ ಅದು ಅಮೆರಿಕ ಸರ್ಕಾರ ಜಮೀನು ಕೊಟ್ಟಲ್ಲಿಂದ ಶುರುವಾಗುತ್ತದೆ, ಅದಕ್ಕೆ ಮುಂಚೆ ಇಲ್ಲಿ ಯಾರೂ ಇರಲಿಲ್ಲ ಅನ್ನುವ ಹಾಗೆ. ಸರ್ಕಾರಕ್ಕೆ ಅದು ಬಂದದ್ದು ಡಕೋಟ ಜನರಿಂದ. 1805ರ ಒಪ್ಪಂದಕ್ಕೆ ಬಂದಿದ್ದ ಏಳು ಡಕೋಟ ನಾಯಕರಲ್ಲಿ ಸಹಿ ಹಾಕಿದ್ದು ಇಬ್ಬರು.

ರದ್ದತಿಯ ಅರ್ಜಿ ಹಾಕುವುದಾದರೆ, ಮೊದಲು ನಿಮ್ಮ ಆಸ್ತಿ ಅಬ್‌ಸ್ಟ್ರಾಕ್ಟ್ ಪದ್ಧತಿಯದೋ ಟಾರೆನ್ಸ್ ಪದ್ಧತಿಯದೋ (ಇದರಲ್ಲಿ ಒಡೆತನಕ್ಕೆ ಸರ್ಕಾರದ್ದೇ ಪ್ರಮಾಣಪತ್ರ ಇರುತ್ತದೆ) ಅಂತ ಕೌಂಟಿಯಲ್ಲಿ ಖಚಿತ ಮಾಡಿಕೊಳ್ಳಿ. ಕೈಯಲ್ಲಿ ಕಟ್ಟು ಇದೆ ಅಂದ ಮಾತ್ರಕ್ಕೆ ಅಬ್‌ಸ್ಟ್ರಾಕ್ಟೇ ಅನ್ನುವಂತಿಲ್ಲ, ನಡುವೆ ಯಾರಾದರೂ ಟಾರೆನ್ಸ್‌ಗೆ ಬದಲಿಸಿರಬಹುದು. ಎರಡಕ್ಕೂ ದಾಖಲಾಗುವ ಕಡೆ ಬೇರೆ. ಷರತ್ತಿರುವ ಪತ್ರದ ದಾಖಲೆ ನಂಬರ್, ನಿಮ್ಮ ಈಗಿನ ಕ್ರಯಪತ್ರ, ಇವೆರಡರ ನಕಲು ಇಟ್ಟುಕೊಳ್ಳಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ನೋಟರಿ ಹತ್ತಿರ ಇಬ್ಬರೂ ಹೋಗುವುದು ಮೇಲು, ಎರಡು ಸಲ ಅಲೆಯುವುದು ತಪ್ಪುತ್ತದೆ. ಪಕ್ಕದ ಮನೆಯವರಿಗೆ ನಕ್ಷೆ ತೋರಿಸುವುದಾದರೆ, ನೀವೇ ಅವರ ಮನೆ ನಂಬರ್ ಹಾಕಿ ತೋರಿಸಬೇಡಿ. ನಿಮ್ಮದನ್ನು ತೋರಿಸಿ, ಫೋನ್ ಅವರ ಕೈಗೆ ಕೊಡಿ.